ನಲವತ್ತಮೂರು ಹೆಬ್ಬೆಟ್ಟು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ಅತ್ತಿಗೆಯಾಗಬೇಕಾದದ್ದು ಅಲ್ಲಿ ಒಬ್ಬಳಿಗೆ ಮಾತ್ರ. ಗಂಡನ ತಂಗಿಯನ್ನು ಹದಿನಾಲ್ಕು ವರ್ಷದ ಹಿಂದೆ ತಾನೇ ಕರೆತಂದು ಇಸ್ತ್ರಿ ರೋಲರಿನ ಮುಂದೆ ನಿಲ್ಲಿಸಿದ್ದಳು. ಆ ನಾದಿನಿ ದಿನಕ್ಕೆ ನೂರು ಸಲ "ಅತ್ತಿಗೆ, ಅತ್ತಿಗೆ" ಎಂದು ಕೂಗುವುದನ್ನು ಕೇಳಿ ಕೇಳಿ ಮಿಕ್ಕವರ ನಾಲಿಗೆಗೂ ಅದೇ ಹತ್ತಿತ್ತು. ಅವಳಿಗಿಂತ ಆರು ವರ್ಷ ದೊಡ್ಡವನಾದ ಫಿಟ್ಟರ್ ಕೂಡ ಅತ್ತಿಗೆ ಎನ್ನುತ್ತಿದ್ದ.

ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ಮೇಲಿನ ಏಳು ಅಂತಸ್ತುಗಳ ರಕ್ತ, ಕೀವು, ವಾಂತಿ ಎಲ್ಲ ಗಾಲಿಬಂಡಿಗಳಲ್ಲಿ ತುಂಬಿಕೊಂಡು ಇಲ್ಲಿಗೆ ಇಳಿಯುತ್ತಿತ್ತು. ಬೆಳ್ಳಗೆ, ಬಿಸಿಬಿಸಿಯಾಗಿ ಮಡಚಿಕೊಂಡು ಮೇಲಕ್ಕೆ ಹೋಗುತ್ತಿತ್ತು. ಒಗೆಯುವ ಯಂತ್ರಗಳು ಒಂದು ಗೋಡೆಗೆ, ಎದುರಿನ ಗೋಡೆಗೆ ದೊಡ್ಡ ರೋಲರ್. ಒಬ್ಬರು ಆ ತುದಿ, ಒಬ್ಬರು ಈ ತುದಿ ಹಿಡಿದು ಒದ್ದೆ ಹಾಸನ್ನು ಅದರ ಬಾಯಿಗೆ ಕೊಟ್ಟರೆ, ಕಾದ ಉಕ್ಕಿನ ಉರುಳೆ ಅದನ್ನು ಎಳೆದುಕೊಂಡು ಆಚೆಗೆ ಗರಿಗರಿಯಾಗಿ ಉಗುಳುತ್ತಿತ್ತು. ಬಾಯಿಯ ಮುಂದೆ ಉದ್ದಕ್ಕೂ ಒಂದು ಅಡ್ಡಪಟ್ಟಿ. ಬೆರಳು ತಗುಲಿದರೆ ಸಾಕು, ಯಂತ್ರ ಅಲ್ಲೇ ನಿಲ್ಲಬೇಕು. ಆ ಪಟ್ಟಿ ಇರುವುದೇ ಅದಕ್ಕೆ.

ಒಂದು ಸೋಮವಾರ ಬೆಳಿಗ್ಗೆ ಸಿಬ್ಬಂದಿ ವಿಭಾಗದ ಮೇಡಂ ನೆಲಮಾಳಿಗೆಗೆ ಇಳಿದುಬಂದರು. ಆಕೆ ಇಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು. ಆವಿಗೆ ಕನ್ನಡಕ ಮಂಜಾಗಿ, ಅದನ್ನು ಒರೆಸಿ ಒರೆಸಿ ಸಾಕಾಗಿ ಕೈಯಲ್ಲೇ ಹಿಡಿದುಕೊಂಡು ಮಾತಾಡಿದರು. ಇನ್ನು ಮುಂದೆ ಇಡೀ ಆಸ್ಪತ್ರೆಗೆ ಒಂದೇ 'ಅಂಗಳ' ಇರುತ್ತದಂತೆ, ಎಲ್ಲರ ಫೋನಿನಲ್ಲೂ. ದೊಡ್ಡ ಡಾಕ್ಟರಿಂದ ಹಿಡಿದು ಲಾಂಡ್ರಿಯವರವರೆಗೆ ಎಲ್ಲರೂ ಅಲ್ಲೇ ಮಾತಾಡಬೇಕು, ಫೋಟೋ ಹಾಕಬೇಕು, ಒಬ್ಬರನ್ನೊಬ್ಬರು ಮೆಚ್ಚಬೇಕು. ಹೊರಗಿನವರು ಯಾರೂ ಒಳಗೆ ಬರುವಂತಿಲ್ಲ.

"ಅಂಗಳ ಅಂದ್ರೆ ಗುಡಿಸೋದು ಯಾರು ಅಂತ ಹೇಳಲಿಲ್ಲ," ಎಂದು ಅತ್ತಿಗೆ ಪಕ್ಕದವಳ ಕಿವಿಯಲ್ಲಿ ಹೇಳಿದಳು. ನಾಲ್ಕು ಜನ ಕಿಸಕ್ಕೆಂದರು. ಆಮೇಲೆ ಜೋರಾಗಿಯೇ ಕೇಳಿದಳು: "ಮೆಷಿನ್ ಕೆಟ್ರೆ ಅದರಲ್ಲಿ ಹೇಳಬಹುದಾ ಮೇಡಂ?"

"ಎಲ್ಲಾನೂ ಹೇಳಬಹುದು. ಇನ್ಮೇಲೆ ಇದೆಲ್ಲ ಬೇಡ," ಎಂದು ಮೇಡಂ ಗೋಡೆಯ ಮೊಳೆಗೆ ದಾರದಲ್ಲಿ ಕಟ್ಟಿ ನೇತುಹಾಕಿದ್ದ ರಿಪೇರಿ ಪುಸ್ತಕವನ್ನು ಬಿಚ್ಚಿಕೊಂಡು ಬಗಲಿಗೆ ಸೇರಿಸಿದರು. ಮೂಲೆಗಳೆಲ್ಲ ನೀರು ಕುಡಿದು ಉಬ್ಬಿದ ಪುಸ್ತಕ. ಅತ್ತಿಗೆ ಬರೆದು, ಫಿಟ್ಟರ್ ಸಹಿ ಹಾಕಿ, ಸ್ಟೋರಿನವರು ಸಾಮಾನು ಕೊಟ್ಟು, ಹನ್ನೊಂದು ವರ್ಷ ಹಾಗೆಯೇ ನಡೆದಿತ್ತು.

ವಾರಕ್ಕೆ ಪ್ರತಿ ವಿಭಾಗವೂ ಹತ್ತು ಪೋಸ್ಟ್ ಹಾಕಬೇಕೆಂದು ಮೇಲಿನಿಂದ ಆಜ್ಞೆ ಬಂತು. ಹಾಕದವರ ವಿಭಾಗದ ಹೆಸರು ಕೆಂಪು ಬಣ್ಣದಲ್ಲಿ ಬರುತ್ತಿತ್ತು. "ಮೈಯೆಲ್ಲಾ ಬೆವರು, ಅದರ ಮೇಲೆ ಹಲ್ಲು ಬೇರೆ ಕಿರೀಬೇಕು," ಎಂದು ಅತ್ತಿಗೆ ಗೊಣಗಿದರೂ ನಾದಿನಿಗೆ ಮಾತ್ರ ಅಂಗಳ ಹಿಡಿಸಿಬಿಟ್ಟಿತು. ಅವಳ ಕಣ್ಣೇ ಬೇರೆ. ಎತ್ತರದ ಕಿಟಕಿಯಿಂದ ಬೀಳುವ ಬಿಸಿಲುಕೋಲಿನಲ್ಲಿ ಆವಿ ಸುಳಿಯುತ್ತಿದ್ದುದನ್ನು ಅವಳು ಫೋಟೋ ತೆಗೆದು ಹಾಕಿದಳು. ನೂರಹನ್ನೆರಡು ಜನ ಮೆಚ್ಚಿ ಹೆಬ್ಬೆಟ್ಟಿನ ಗುರುತು ಒತ್ತಿದರು. ತಾನು ತೆಗೆದ ಒಂದೊಂದು ಫೋಟೋಕ್ಕೂ ಎಷ್ಟು ಹೆಬ್ಬೆಟ್ಟು ಬಿತ್ತೆಂದು ನೋಡಿ, ಆ ಪರದೆಯನ್ನೇ ಚಿತ್ರ ಮಾಡಿ ಫೋನಿನಲ್ಲಿ ಉಳಿಸಿಕೊಳ್ಳುವುದು ಅವಳಿಗೊಂದು ಗೀಳಾಯಿತು.

ಹೀಗಿರುವಾಗ ಒಂದು ದಿನ ರೋಲರಿನ ಅಡ್ಡಪಟ್ಟಿ ಸಡಿಲವಾಯಿತು. ಅತ್ತಿಗೆ ಒತ್ತಿ ನೋಡಿದಳು, ಯಂತ್ರ ನಿಲ್ಲಲಿಲ್ಲ. ಎರಡೂ ಅಂಗೈ ಕೊಟ್ಟು ನೂಕಿದರೆ ಮಾತ್ರ, ಅದೂ ಒಂದು ಕ್ಷಣ ತಡೆದು, ಮನಸ್ಸಿಲ್ಲದ ಮನಸ್ಸಿನಿಂದ ನಿಂತಿತು. ಒಳಗಿನ ಸ್ಪ್ರಿಂಗ್ ಸತ್ತಿತ್ತು. ಅಭ್ಯಾಸಬಲದಿಂದ ಮೊಳೆಯ ಕಡೆಗೆ ಕೈಚಾಚಿದವಳು ಬರಿಗೋಡೆ ನೋಡಿ ಫೋನ್ ತೆಗೆದಳು. ನಾದಿನಿ ಪಟ್ಟಿಯ ಫೋಟೋ ತೆಗೆದುಕೊಟ್ಟಳು. ಅತ್ತಿಗೆ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಹುಡುಕಿ ಬರೆದಳು: 'ದೊಡ್ಡ ರೋಲರಿನ ಅಡ್ಡಪಟ್ಟಿ ಕೆಲಸ ಮಾಡುತ್ತಿಲ್ಲ. ಸ್ಪ್ರಿಂಗ್ ಹೋಗಿದೆ. ಕೈ ಸಿಕ್ಕಿಕೊಂಡರೆ ಮೆಷಿನ್ ನಿಲ್ಲುವುದಿಲ್ಲ. ಬೇಗ ಸರಿಮಾಡಿಸಿ.'

ಸಂಜೆಯೊಳಗೆ ನಲವತ್ತಮೂರು ಹೆಬ್ಬೆಟ್ಟು ಬಿದ್ದವು. ಯಾವಳೋ ನರ್ಸು 'ಸೂಪರ್ ಅಕ್ಕ' ಎಂದು ಬರೆದಿದ್ದಳು. ಮರುದಿನವೂ ಸ್ಪ್ರಿಂಗ್ ಬರಲಿಲ್ಲ. ಮೂರನೆಯ ದಿನ ನೋಡಿದರೆ ಪೋಸ್ಟೇ ಇಲ್ಲ. ಅದರ ಬದಲಿಗೆ ಅವಳೊಬ್ಬಳಿಗೇ ಒಂದು ಸಂದೇಶ ಬಂದಿತ್ತು: 'ನಿಮ್ಮ ಬರಹ ಅಂಗಳದ ಸಂತಸದ ವಾತಾವರಣಕ್ಕೆ ಹೊಂದದ ಕಾರಣ ತೆಗೆಯಲಾಗಿದೆ. ಸಕಾರಾತ್ಮಕವಾಗಿ ಬರೆಯಿರಿ!' ಕೊನೆಯಲ್ಲಿ ಒಂದು ಸೂರ್ಯಕಾಂತಿ ಹೂವು.

ಅತ್ತಿಗೆಗೆ ಮೈ ಉರಿಯಿತು. ನೇರ ಫಿಟ್ಟರಿನ ಕೋಣೆಗೆ ನಡೆದಳು. ಏನು ಕೇಳಿದರೂ 'ನೋಡೋಣ' ಎನ್ನುತ್ತಿದ್ದರಿಂದ ಅವನಿಗೆ ಲಾಂಡ್ರಿಯವರು ನೋಡೋಣಪ್ಪ ಎಂದು ಹೆಸರಿಟ್ಟಿದ್ದರು.

"ಸ್ಪ್ರಿಂಗ್ ಏನಾಯ್ತು?"

"ನಂಬರ್ ಬರಬೇಕು ಅತ್ತಿಗೆ. ಈಗ ಎಲ್ಲಾ ಆಫೀಸಿಂದ ನಂಬರ್ ಆಗಿ ಬರುತ್ತೆ. ನಂಬರ್ ಇಲ್ದೆ ಸ್ಟೋರಲ್ಲಿ ಒಂದು ನಟ್ಟೂ ಕೊಡಲ್ಲ."

"ಅಂಗಳದಲ್ಲಿ ಬರೆದಿದ್ನಲ್ಲ, ನೋಡ್ಲಿಲ್ವಾ?"

"ಅಯ್ಯೋ ನೋಡ್ದೆ. ಹೆಬ್ಬೆಟ್ಟೂ ಒತ್ತಿದೀನಿ, ಬೇಕಾದ್ರೆ ನೋಡಿ."

"ಹೆಬ್ಬೆಟ್ಟು ಒತ್ತೋಕೆ ನೀನೇನು ಓದು ಬರಹ ಬಾರದವನಾ? ಕೈಯಲ್ಲಿ ಸ್ಪಾನರ್ ಇದೆಯಲ್ಲ, ಅದಕ್ಕೇನು ತುಕ್ಕು ಹಿಡಿದಿದೆಯಾ?"

"ನೋಡೋಣ, ನೋಡೋಣ," ಎಂದ ಅವನು.

ಮೂರನೇ ಅಂತಸ್ತಿಗೆ ಹತ್ತಿ ಹೋದಳು. ಮೇಡಂ ಮೀಟಿಂಗಿನಲ್ಲಿದ್ದರು. ಅರ್ಧ ಗಂಟೆ ಬಾಗಿಲು ಕಾದಳು. ಅಷ್ಟರಲ್ಲಿ ಕೆಳಗಿನಿಂದ, ಆಪರೇಷನ್ ಥಿಯೇಟರಿಗೆ ಹಾಸು ಬೇಕೆಂದು ಗದ್ದಲ ಮಾಡುತ್ತಿದ್ದಾರೆಂದು ಫೋನ್ ಬಂತು. ಅತ್ತಿಗೆ ಇಳಿದುಬಂದಳು. ಹೆಂಗಸರನ್ನೆಲ್ಲ ಕರೆದು, "ಪಟ್ಟಿ ನಂಬಬೇಡಿ, ಕೈ ದೂರ ಇಟ್ಕೊಂಡು ಕೊಡಿ," ಎಂದು ಎಚ್ಚರಿಸಿ, ರೋಲರಿನ ಸ್ವಿಚ್ ಒತ್ತಿದಳು. ತಾನೇ ಒತ್ತಿದಳು. ಅದನ್ನು ಆಮೇಲೆ ಅವಳು ಸಾವಿರ ಸಲ ನೆನೆದುಕೊಳ್ಳಬೇಕಾಯಿತು.

ಪೋಸ್ಟ್ ಹಾಕಿದ ಎಂಟನೆಯ ದಿನ, ಬುಧವಾರ, ಬೆಳಗಿನ ಹನ್ನೊಂದರ ಹೊತ್ತಿಗೆ ಅದಾಯಿತು. ದಿಂಬಿನ ಚೀಲವೊಂದು ಸೊಟ್ಟಗೆ ಹೋಗುತ್ತಿದೆಯೆಂದು ನಾದಿನಿ ಅದರ ಮೂಲೆ ಎಳೆದಳು. ಬಟ್ಟೆಯ ಜೊತೆ ಬಲಗೈಯೂ ಹೋಯಿತು. ಮೊಣಕೈಯಿಂದ ಪಟ್ಟಿಯನ್ನು ಅವಳು ಗುದ್ದಿದಳು, ಮತ್ತೆ ಗುದ್ದಿದಳು. ಉರುಳೆ ತಿರುಗುತ್ತಲೇ ಇತ್ತು. "ಅತ್ತಿಗೆ!" ಎಂಬ ಆ ಕೂಗು ಹದಿನಾಲ್ಕು ವರ್ಷದಲ್ಲಿ ಕೇಳಿದ ಯಾವ ಕೂಗಿನಂತೆಯೂ ಇರಲಿಲ್ಲ. ಅತ್ತಿಗೆ ಬಂಡಿಯೊಂದನ್ನು ಕೆಡವಿಕೊಂಡು ಓಡಿ ಗೋಡೆಯ ಮೇನ್ ಸ್ವಿಚ್ ಎಳೆದಳು. ನೋಡೋಣಪ್ಪ ಬಂದು ಉರುಳೆಯನ್ನು ಕೈಯಿಂದ ಹಿಂದಕ್ಕೆ ತಿರುಗಿಸುವವರೆಗೂ ಆ ಕೈ ಕಾದ ಉಕ್ಕಿನ ನಡುವೆಯೇ ಇತ್ತು. ಅತ್ತಿಗೆ ಅವಳ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು, ನೋಡದಿರಲೆಂದು. ವಾಸನೆಯನ್ನು ತಡೆಯಲು ಮಾತ್ರ ಅವಳಿಂದ ಆಗಲಿಲ್ಲ.

ಕೈ ಉಳಿಯಿತು. ಎರಡು ಬೆರಳು ಮಡಚುವುದು ಅನುಮಾನ ಎಂದರು ಡಾಕ್ಟರು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಗಂಡ ತಟ್ಟೆಯ ಮುಂದೆ ಕೂತು, ತಲೆಯೆತ್ತದೆ ಕೇಳಿದ: "ನನ್ನ ತಂಗಿ ಕೈ ಒಳಗೆ ಹೋಗ್ತಿದ್ದಾಗ ನೀನೆಲ್ಲಿದ್ದೆ?"

"ಪಕ್ಕದಲ್ಲೇ," ಎಂದಳು. ಅವನು ತಟ್ಟೆ ಹಾಗೇ ಬಿಟ್ಟು ಎದ್ದುಹೋದ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎನಿಸಿತು ಅವಳಿಗೆ.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಫೋನ್ ತೆರೆದರೆ ಅಂಗಳದ ನೆತ್ತಿಯ ಮೇಲೆ ನಾದಿನಿಯ ಮುಖ. ಆಸ್ಪತ್ರೆ ಹಾಸಿಗೆ, ಕಟ್ಟು ಕಟ್ಟಿದ ಕೈ, ಎಡಗೈಯಲ್ಲಿ ಹೂಗುಚ್ಛ, ಅಕ್ಕಪಕ್ಕದಲ್ಲಿ ಮೇಡಂ ಮತ್ತು ಆಸ್ಪತ್ರೆಯ ನಿರ್ದೇಶಕರು. ಮೂವರೂ ನಗುತ್ತಿದ್ದರು. ಕೆಳಗೆ: 'ನಮ್ಮ ಲಾಂಡ್ರಿಯ ಧೀರೆ! ನೋವಿನಲ್ಲೂ ನಗು!' ಆರುನೂರ ಹನ್ನೆರಡು ಜನ ಹೆಬ್ಬೆಟ್ಟು ಒತ್ತಿದ್ದರು.

ಅವಳು ಲಾಂಡ್ರಿಗೆ ಇಳಿಯದೆ ನಾಲ್ಕನೇ ಅಂತಸ್ತಿನ ವಾರ್ಡಿಗೆ ಹತ್ತಿದಳು. ನಾದಿನಿ ದಿಂಬಿಗೊರಗಿ ಕೂತು ಎಡಗೈಯಲ್ಲಿ ಫೋನ್ ಹಿಡಿದಿದ್ದಳು.

"ಅತ್ತಿಗೆ, ನೋಡಿದ್ರಾ? ಹೃದಯದ ಡಾಕ್ಟ್ರೂ ಒತ್ತಿದಾರೆ."

"ನಾಚಿಕೆ ಆಗಲ್ವಾ ನಿಂಗೆ?" ಅತ್ತಿಗೆಯ ದನಿ ಪಕ್ಕದ ಹಾಸಿಗೆಯವರನ್ನೂ ತಿರುಗಿಸಿತು. "ಕೈ ಸುಟ್ಟೋರೇ ಬಂದು ಹೂ ಕೊಟ್ರೆ, ಹಲ್ಲು ಬಿಟ್ಕೊಂಡು ಫೋಟೋ ತೆಗೆಸ್ಕೊಂಡಿದೀಯಲ್ಲ! ಮಾನ ಇದೆಯಾ?"

ನಾದಿನಿಯ ನಗು ಹೋಯಿತು. ಫೋನನ್ನು ಹಾಸಿಗೆಯ ಮೇಲೆ ಬೋರಲಾಗಿ ಇಟ್ಟಳು.

"ಈ ಆಸ್ಪತ್ರೇಲಿ ನಾನು ಇಸ್ತ್ರಿ ಮಾಡಿದ ಹಾಸಿನ ಮೇಲೆ ಮಲಗದೋರು ಯಾರಿದಾರೆ ಅತ್ತಿಗೆ? ಹದಿನಾಲ್ಕು ವರ್ಷ. ಒಬ್ರಾದ್ರೂ ನನ್ನ ಮುಖ ನೋಡಿದ್ರಾ? ನಿನ್ನೆ ನೋಡಿದ್ರು. ಸುಳ್ಳೋ ನಿಜವೋ, ನೋಡಿದ್ರು. ಅದನ್ನೂ ಕಿತ್ಕೋಬೇಡಿ." ಕಟ್ಟು ಕಟ್ಟಿದ ಕೈಯನ್ನು ಮಡಿಲಿಗೆ ಸರಿಸಿಕೊಂಡು ಹೇಳಿದಳು: "ಅಷ್ಟು ಸಿಟ್ಟಿದ್ರೆ ಒಂದು ಮಾತು ಹೇಳಿ. ಪಟ್ಟಿ ಕೆಟ್ಟಿದೆ ಅಂತ ಗೊತ್ತಿದ್ದೂ ಸ್ವಿಚ್ ಒತ್ತಿದ್ದು ಯಾರು? ಮೇಡಮ್ಮಾ?"

ಅತ್ತಿಗೆಗೆ ಕಪಾಳಕ್ಕೆ ಹೊಡೆದಂತಾಯಿತು. ಹೊರಳಿ ಮೆಟ್ಟಿಲಿಳಿದಳು. ಒಂದೊಂದು ಮೆಟ್ಟಿಲಿಗೂ ಕೋಪ ಹೆಚ್ಚುತ್ತಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ತನ್ನ ಮೇಲೇ ಇರಬೇಕು.

ಲಾಂಡ್ರಿಯಲ್ಲಿ ಮೇಡಂ ಕಾಯುತ್ತಿದ್ದರು. ಮಡಚುವ ಮೇಜಿನ ಮೇಲೆ ಒಂದು ಹಾಳೆ ಹರಡಿತ್ತು.

"ಇದೊಂದು ಸೈನ್ ಹಾಕಿಬಿಡಿ ಅಮ್ಮ. ಬರೀ ನಿಯಮಕ್ಕೆ. ಆಮೇಲೆ ಮೆಷಿನ್ ಶುರು ಮಾಡಿ, ಮೇಲೆ ಹಾಸಿಲ್ಲದೆ ಒದ್ದಾಡ್ತಿದಾರೆ."

ಅತ್ತಿಗೆ ಕನ್ನಡಕ ಹಾಕಿಕೊಂಡು ಓದಿದಳು. ಮೂರನೆಯ ಸಾಲು: 'ಸದರಿ ಯಂತ್ರದ ಬಗ್ಗೆ ಈ ಹಿಂದೆ ಯಾವುದೇ ದೂರು ಬಂದಿರುವುದಿಲ್ಲ.'

ಅವಳು ಹಾಳೆಯನ್ನು ಮಡಚಲೂ ಇಲ್ಲ, ಹರಿಯಲೂ ಇಲ್ಲ. ಇದ್ದಲ್ಲೇ ಬಿಟ್ಟು ಗೋಡೆಯ ಹತ್ತಿರ ಹೋಗಿ ರೋಲರಿನ ಮೇನ್ ಸ್ವಿಚ್ ಇಳಿಸಿ, ಪೆಟ್ಟಿಗೆ ತೆರೆದು, ಮೂರೂ ಫ್ಯೂಸ್ ಕಿತ್ತು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಆಮೇಲೆ ಒಂದು ಸ್ಟೂಲು ಎಳೆದು ರೋಲರಿನ ಮುಂದೆ ಕೂತಳು.

"ಏನಿದು? ಇಲ್ಲಿ ರೋಗಿಗಳಿದಾರೆ, ಮರೀಬೇಡಿ!"

"ಮರೆತಿಲ್ಲ. ನಾಲ್ಕನೇ ಅಂತಸ್ತಿನಲ್ಲಿ ಒಬ್ಬಳು ಜಾಸ್ತಿ ಆಗಿದಾಳೆ. ಪಟ್ಟಿ ಸರಿ ಆಗೋವರೆಗೂ ಇದು ತಿರುಗಲ್ಲ."

"ನಿಮ್ಮ ಅಸಮಾಧಾನ ಏನಿದ್ರೂ ಅಂಗಳದಲ್ಲಿ..."

"ಆ ಹೆಸರು ಎತ್ತಬೇಡಿ!" ಅತ್ತಿಗೆ ಎಷ್ಟು ಜೋರಾಗಿ ಕೂಗಿದಳೆಂದರೆ ಒಗೆಯುವ ಯಂತ್ರದ ಸದ್ದೂ ಅಡಗಿದಂತಾಯಿತು. "ಬರೆದೆ. ಅಲ್ಲೇ ಬರೆದೆ. ಸ್ಪ್ರಿಂಗ್ ಕೇಳಿದ್ರೆ ಸೂರ್ಯಕಾಂತಿ ಕಳಿಸಿದ್ರಿ!"

"ಬರೆದಿದ್ದಕ್ಕೆ ಏನಾದ್ರೂ ಆಧಾರ ಇದೆಯಾ?" ಮೇಡಂ ಮೆಲ್ಲಗೆ ಕೇಳಿದರು.

ಅತ್ತಿಗೆ ಸುತ್ತ ನೋಡಿದಳು. "ನಲವತ್ತಮೂರು ಜನ ಒತ್ತಿದ್ರಿ. ಇಲ್ಲೇ ಹದಿನೈದು ಜನ ಇದೀರಿ. ಯಾರಾದ್ರೂ ಬಾಯಿ ಬಿಡಿ."

ಒಬ್ಬಳು ಟವೆಲು ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ಒಬ್ಬಳು ಬಂಡಿಯ ಗಾಲಿ ನೋಡಿದಳು. ಹದಿನಾಲ್ಕು ವರ್ಷ ಅತ್ತಿಗೆ ಅತ್ತಿಗೆ ಎಂದವರ ಬಾಯಿಗೆ ಬೀಗ ಬಿದ್ದಿತ್ತು. "ಥೂ!" ಎಂದಳು ಅತ್ತಿಗೆ. ಅಷ್ಟೇ.

ಹತ್ತೂವರೆಗೆ ಆಪರೇಷನ್ನುಗಳು ನಿಂತವು. ಹನ್ನೊಂದಕ್ಕೆ ನಿರ್ದೇಶಕರೇ ಇಳಿದುಬಂದರು. ಎತ್ತರದ, ಮೆಲುದನಿಯ ಮನುಷ್ಯ. ಸ್ಟೂಲಿನ ಮೇಲಿನವಳು ಏಳಲಿಲ್ಲ.

"ಫ್ಯೂಸ್ ಕೊಡಿಯಮ್ಮ. ಮಾತಾಡೋಣ."

"ಮೊದಲು ಮಾತು, ಆಮೇಲೆ ಫ್ಯೂಸ್."

"ದೂರು ಬಂದಿದ್ರೆ ನಾವು ಸುಮ್ನೆ ಇರ್ತಿದ್ವಾ? ದಾಖಲೆಯಲ್ಲಿ ಏನೂ ಇಲ್ಲ."

ಹಿಂದಿನಿಂದ ಗಂಟಲು ಕೆರೆದ ಸದ್ದಾಯಿತು. ನೋಡೋಣಪ್ಪ ಮುಂದೆ ಬಂದ. ಕೈಗಳನ್ನು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಲೇ ಇದ್ದ. "ನಾನು ನೋಡಿದ್ದೆ ಸಾರ್. ಇವರು ಬರೆದಿದ್ರು. ನನ್ನ ಕೋಣೆಗೂ ಬಂದು ಹೇಳಿದ್ರು. ನಾನು..." ಎಣ್ಣೆ ಬಟ್ಟೆಯನ್ನು ಮುದುರಿ ಜೇಬಿಗೆ ತುರುಕಿದ. "ನಂದು ತಪ್ಪು," ಎಂದ ಕೊನೆಗೆ.

"ಬಾಯಿಮಾತು..." ಎಂದು ಮೇಡಂ ಶುರುಮಾಡುವಷ್ಟರಲ್ಲಿ ಲಾಂಡ್ರಿಯ ಎಲ್ಲ ಫೋನುಗಳೂ ಒಟ್ಟಿಗೆ ಟಿಣ್ ಎಂದವು. ನಿರ್ದೇಶಕರದೂ ಎಂದಿತು. ಅವರು ತೆಗೆದು ನೋಡಿದರು, ನೋಡುತ್ತಲೇ ನಿಂತರು.

'ಧೀರೆ'ಯ ಫೋಟೋದ ಕೆಳಗೆ ನಾದಿನಿ ಬರೆದಿದ್ದಳು. ಎಡಗೈಯಲ್ಲಿ ಒತ್ತಿದ್ದರಿಂದ ಅಕ್ಷರ ತಪ್ಪಿದ್ದವು. 'ನಾನು ದೀರೆ ಅಲ್ಲ. ಪಟ್ಟಿ ಕೆಟ್ಟಿದೆ ಅಂತ ನಮ್ಮ ಅತಿಗೆ ಮೊದಲೇ ಬರೆದಿದಾರೆ. ಅಳಿಸಿದ್ದು ಯಾರು.' ಜೊತೆಗೆ ಅವಳು ಉಳಿಸಿಕೊಂಡಿದ್ದ ಚಿತ್ರ: ಅಡ್ಡಪಟ್ಟಿಯ ಫೋಟೋ, ಅತ್ತಿಗೆಯ ನಾಲ್ಕು ಸಾಲು, ತಾರೀಖು, ಮತ್ತು ಹೆಬ್ಬೆಟ್ಟು ಒತ್ತಿದವರ ಹೆಸರುಗಳ ಉದ್ದ ಪಟ್ಟಿ. ಎಲ್ಲರಿಗಿಂತ ಮೇಲೆ, ಮೊಟ್ಟಮೊದಲು ಒತ್ತಿದವರಾಗಿ, ಮೇಡಮ್ಮಿನ ಹೆಸರಿತ್ತು.

ಮೇಡಂ ಮುಖ ಬಿಳಿಚಿಕೊಂಡಿತು. ಬೆರಳು ತಾನಾಗಿ ಫೋನಿನ ಮೇಲೆ ಹೋಯಿತು.

"ಅಳಿಸಿ," ಎಂದಳು ಅತ್ತಿಗೆ. "ಅಳಿಸಿ ನೋಡೋಣ. ಆ ಕೈಯನ್ನೂ ಅಳಿಸಿ."

"ನಾನು ದಿನಕ್ಕೆ ಇನ್ನೂರಕ್ಕೆ ಒತ್ತುತೀನಿ!" ಮೇಡಂ ಇದ್ದಕ್ಕಿದ್ದಂತೆ ಕಿರುಚಿದರು. "ಯಾವುದನ್ನ ಅಂತ ಓದ್ಲಿ? ಆ ವಾರ ದೊಡ್ಡವರಿಗೆಲ್ಲ ಅಂಗಳ ತೋರಿಸ್ಬೇಕಿತ್ತು, ಚೆನ್ನಾಗಿ ಕಾಣ್ಬೇಕು ಅಂದ್ರು, ತೆಗೆದೆ. ನನ್ನ ತಲೆ ಮೇಲೂ ಒಬ್ರು ಕೂತಿದಾರೆ. ಇವರೇ ಹೇಳ್ಲಿ!"

ನಿರ್ದೇಶಕರು ಮೇಡಂ ಕಡೆಗೆ ತಿರುಗಲೇ ಇಲ್ಲ. ಫೋನನ್ನು ಜೇಬಿಗಿಟ್ಟು, ನೋಡೋಣಪ್ಪನಿಗೆ, "ಈಗಲೇ ಸ್ಪ್ರಿಂಗ್ ತಗೊಂಡು ಬನ್ನಿ," ಎಂದಷ್ಟೇ ಅಂದರು. ನಂಬರನ್ನು ಯಾರೂ ಕೇಳಲಿಲ್ಲ. ಒಂಬತ್ತು ದಿನದಿಂದ ಬಾರದ ಸ್ಪ್ರಿಂಗು ಒಂಬತ್ತು ನಿಮಿಷದಲ್ಲಿ ಬಂತು. ಬೆರಳುದ್ದದ ಒಂದು ತಂತಿಸುರುಳಿ. ಅದನ್ನು ನೋಡಿದಾಗಲೇ ಅತ್ತಿಗೆ ಅತ್ತದ್ದು. ಗೆದ್ದೆನೆಂದಲ್ಲ. ಇಷ್ಟು ಚಿಕ್ಕದಕ್ಕಾ ಎಂದು.

ಪಟ್ಟಿ ಸರಿಯಾಯಿತು. ಒಂದು ಬೆರಳು ಮುಟ್ಟಿಸಿ, ನಿಂತದ್ದನ್ನು ಹತ್ತು ಸಲ ನೋಡಿ, ಆಮೇಲೆ ಅವಳು ಕೈ ಒರೆಸಿಕೊಂಡಳು.

ಕತೆ ಅಲ್ಲಿಗೇ ಮುಗಿಯಲಿಲ್ಲ. ಕೆಲಸ ನಿಲ್ಲಿಸಿದ್ದಕ್ಕೆ ಅವಳಿಗೆ ಎಚ್ಚರಿಕೆ ಪತ್ರ ಬಂತು. ಮೇಡಮ್ಮನ್ನು ಬೇರೆ ಕಟ್ಟಡಕ್ಕೆ ಹಾಕಿದರು. 'ಚೆನ್ನಾಗಿ ಕಾಣಬೇಕು' ಎಂದವರು ಯಾರೆಂದು ಯಾರೂ ವಿಚಾರಿಸಲಿಲ್ಲ. ವಿಚಾರಣೆಯ ವರದಿಯಲ್ಲಿ, 'ಅನೌಪಚಾರಿಕವಾಗಿ ಪ್ರಸ್ತಾಪಿಸಲಾಗಿತ್ತು' ಎಂದು ಬರೆದು ಅತ್ತಿಗೆಯ ಸಹಿ ಕೇಳಿದರು.

"ಅನೌಪಚಾರಿಕ ಅಂದ್ರೇನು?" ಎಂದು ಕೇಳಿದಳು.

"ಅಂದ್ರೆ, ಸುಮ್ನೆ ಮಾತಿಗೆ ಹೇಳಿದ ಹಾಗೆ," ಎಂದ ಗುಮಾಸ್ತ.

"ನಾನು ಸುಮ್ನೆ ಮಾತಿಗೆ ಹೇಳಲಿಲ್ಲ. ಲಿಖಿತ ದೂರು ಅಂತ ಬರೀರಿ."

ಮೂರು ಸಲ ಹಾಳೆ ಬಂತು, ಮೂರು ಸಲ ಅವಳು ಆ ಒಂದು ಪದಕ್ಕೆ ಅಡ್ಡಗೆರೆ ಎಳೆದು ವಾಪಸು ಕಳಿಸಿದಳು. ಗಂಡ, "ಒಂದು ಪದ ತಾನೇ, ಬಿಟ್ಟಾಕು," ಎಂದ. "ನಿನ್ನ ತಂಗಿಯ ಎರಡು ಬೆರಳಿಗೆ ಒಂದು ಪದ. ಅಷ್ಟೂ ಬಿಡ್ಬೇಕಾ?" ಎಂದಳು. ಅವನು ಅವತ್ತು ತಾನೇ ಎದ್ದು ಅವಳ ತಟ್ಟೆ ತೊಳೆದಿಟ್ಟ. ನಾಲ್ಕನೆಯ ಸಲ ಬಂದ ಹಾಳೆಯಲ್ಲಿ 'ಲಿಖಿತ ದೂರು' ಎಂದಿತ್ತು. ಅವಳು ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ನಾದಿನಿ ಮೂರು ತಿಂಗಳ ಮೇಲೆ ಕೆಲಸಕ್ಕೆ ಬಂದಳು. ರೋಲರಿಗೆ ಬೇಡವೆಂದು ಅವಳನ್ನು ಮಡಚುವ ಮೇಜಿಗೆ ಹಾಕಿದರು. ವಾರ್ಡಿನಲ್ಲಿ ಆಡಿದ ಮಾತನ್ನು ಇಬ್ಬರೂ ಹಿಂದಕ್ಕೆ ತಗೊಂಡಿರಲಿಲ್ಲ. ಇಬ್ಬರದೂ ನಿಜವೇ ಆಗಿತ್ತು. ಮೊದಲ ದಿನ ದೊಡ್ಡ ಹಾಸೊಂದನ್ನು ಮಡಚಲು ಎದುರಿಗೆ ಯಾರೂ ಇರಲಿಲ್ಲ, ಅತ್ತಿಗೆ ಹೋಗಿ ಈ ತುದಿ ಹಿಡಿದಳು. ನಾದಿನಿ ಆ ತುದಿಯನ್ನು ಮೂರು ಬೆರಳಲ್ಲಿ ಸಿಕ್ಕಿಸಿಕೊಂಡಳು. ಮಿಕ್ಕೆರಡು ಕಡ್ಡಿಯ ಹಾಗೆ ಚಾಚಿಕೊಂಡೇ ಇದ್ದವು. ಅತ್ತಿಗೆ ಎಳೆಯಲು ಹೆದರಿ ಬಟ್ಟೆಯನ್ನು ಜೋಲಾಗಿ ಹಿಡಿದಳು. ಹಾಸು ನಡುವೆ ನೆಲಕ್ಕೆ ಇಳಿಯಿತು.

"ಏನು ಹಿಡ್ಕೊಂಡಿದೀರಿ ಅತ್ತಿಗೆ, ಸತ್ತ ಹಾವು ಹಿಡಿದ ಹಾಗೆ?" ನಾದಿನಿ ರೇಗಿದಳು. "ನಾನೇನು ಗಾಜಿನ ಗೊಂಬೆನಾ? ಎಳೀರಿ!"

ಅತ್ತಿಗೆ ಎಳೆದಳು.

"ಇನ್ನೂ!"

ಅವಳು ಕಾಲು ಊರಿ, ಶಕ್ತಿಯಿದ್ದಷ್ಟೂ ಎಳೆದಳು. ಎದುರಿನಿಂದ ಅಷ್ಟೇ ಸಿಟ್ಟಿನಿಂದ ನಾದಿನಿ ಎಳೆದಳು. ನಡುವೆ ಹಾಸು ಚಟ್ಟೆಂದು ಬಿಗಿಯಾಯಿತು.